ಅಟ್ಟದ ಕೆಲಸ, ಒಗ್ಗರಣೆಯ ಹೆಸರು

ಊಟ ಕೆಡದಿರಲೆಂದೇ ಹಿರಿಯರು ಒಗ್ಗರಣೆ ಹಾಕುತ್ತಿದ್ದರು ಎಂಬ ಮಾತು ಈಗ ಎಲ್ಲೆಲ್ಲೂ ಕೇಳಿಬರುತ್ತದೆ. ಅದಕ್ಕೆ ಪ್ರಯೋಗಶಾಲೆಯ ಆಧಾರವೂ ಉಂಟು. ಪಾಶ್ಚರ್ ಬಳಗದ ಶಾಂಬರ್ಲಾಂ 1887ರಲ್ಲೇ ಸಸ್ಯಗಳ ಸುಗಂಧ ತೈಲಗಳನ್ನು ಆಂಥ್ರಾಕ್ಸ್ ಬ್ಯಾಕ್ಟೀರಿಯಾದ ಮೇಲೆ ಪರೀಕ್ಷಿಸಿದ್ದರು. ಲವಂಗದ ಯೂಜೆನಾಲ್, ಓಮದ ಥೈಮಾಲ್ ಸಾಲ್ಮೊನೆಲ್ಲಾದ ಪೊರೆಯನ್ನೇ ಕೆಡಿಸುತ್ತವೆ. 36 ದೇಶಗಳ ಅಡುಗೆಗಳನ್ನು ಹೋಲಿಸಿದ ಬಿಲ್ಲಿಂಗ್ ಮತ್ತು ಶರ್ಮನ್, ಸೆಕೆಯ ನಾಡುಗಳಲ್ಲಿ ಮಸಾಲೆ ಹೆಚ್ಚಾಗಲು ಈ ಗುಣವೇ ಕಾರಣವೆಂದು 1998ರಲ್ಲಿ ವಾದಿಸಿದರು. ಆದರೆ ಕಂದಿಕೆರೆ, ತಿಪಟೂರು, ತುರುವೇಕೆರೆ ಸೀಮೆಯ ತೆಂಗಿನ ಅಡುಗೆಯನ್ನು ನೋಡಿದರೆ ಆಹಾರವನ್ನು ಕಾಯ್ದ ಕೀರ್ತಿ ಪರಿಮಳಕ್ಕಿಂತ ಒಣಗಿಸುವ ವಿದ್ಯೆಗೆ ಸಲ್ಲಬೇಕು.

ಹಸಿಕಾಯಿ ಚಟ್ನಿಗೆ ಎಷ್ಟೇ ಒಗ್ಗರಣೆ ಕೊಟ್ಟರೂ ಸಂಜೆಗೆ ಹಳಸುತ್ತದೆ. ಕಾಯಿಯ ಜಿಡ್ಡು ಸುಗಂಧ ತೈಲವನ್ನು ತನ್ನೊಳಗೆ ಎಳೆದುಕೊಳ್ಳುವುದರಿಂದ ನೀರಿನಂಶದಲ್ಲಿರುವ ಬ್ಯಾಕ್ಟೀರಿಯಾಕ್ಕೆ ಅದು ತಾಗುವುದು ಕಡಿಮೆ. ಸಾಸಿವೆಯ ಘಾಟು ಹುಟ್ಟುವುದು ಹಸಿ ಕಾಳು ಅರೆದು ನೀರು ತಾಗಿದಾಗ. ಕಾದ ಎಣ್ಣೆಯಲ್ಲಿ ಸಿಡಿದ ಕಾಳಿನಲ್ಲಿ ಆ ಘಾಟನ್ನು ಹುಟ್ಟಿಸುವ ಕಿಣ್ವ ಸತ್ತಿರುತ್ತದೆ. ಅದೇ ಕಾಯಿ ಎಂಟು ಹತ್ತು ತಿಂಗಳು ಅಟ್ಟದಲ್ಲಿದ್ದು, ಒಳಗಿನ ನೀರು ಇಂಗಿ, ಗಿಟುಕು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾದರೆ ಅದರಿಂದ ಮಾಡಿದ ಚಟ್ನಿಪುಡಿ ವಾರಗಟ್ಟಲೆ ಬಾಳುತ್ತದೆ. ಇದರಲ್ಲಿ ಮಸಾಲೆ ಬದಲಾಗಬಲ್ಲದು. 1025ರ ಸುಮಾರಿಗೆ ಎರಡನೆಯ ಚಾವುಂಡರಾಯ ‘ಲೋಕೋಪಕಾರ’ದಲ್ಲಿ ಅಡುಗೆಯ ವಿಷಯ ಬರೆದಾಗ ಖಾರಕ್ಕೆ ಕಾಳುಮೆಣಸಿತ್ತು, ಮೆಣಸಿನಕಾಯಿ ಬಂದದ್ದು ಪೋರ್ಚುಗೀಸರ ಕಾಲದಲ್ಲಿ. ಖಾರ ಬದಲಾದರೂ ಒಣಗಿದ್ದು ಉಳಿಯುತ್ತದೆ ಎಂಬ ನಿಯಮ ಬದಲಾಗಲಿಲ್ಲ.

ಹಾಗಾದರೆ ಉಪ್ಪಿನಕಾಯಿಗೆ ಹಸಿ ಸಾಸಿವೆ ಪುಡಿಯನ್ನೇಕೆ ಬೆರೆಸುತ್ತಾರೆ? ಅಲ್ಲಿ ಘಾಟಿನ ಎಣ್ಣೆ ನಿಜಕ್ಕೂ ಕೆಲಸ ಮಾಡುತ್ತದೆ, ಆದರೆ ಉಪ್ಪು, ಹುಳಿಗಳ ಜೊತೆಗೂಡಿ. ಒಣಗಿಸಿದರೆ ಸಾಲ್ಮೊನೆಲ್ಲಾ ಸಾಯುವುದಿಲ್ಲವಲ್ಲ ಎಂಬ ಆಕ್ಷೇಪವೂ ಸರಿಯೇ. ಒಣಗುವಿಕೆ ಅದನ್ನು ಬೆಳೆಯಗೊಡದು ಅಷ್ಟೆ, ಕೊಲ್ಲಲು ಬೆಂಕಿಯೇ ಬೇಕು. ಇನ್ನು ಸೆಕೆಯ ನಾಡಿನ ವಾದ: 70 ಅಡುಗೆ ಪರಂಪರೆಗಳ 33,750 ಪಾಕಗಳನ್ನು ಪರಿಶೀಲಿಸಿದ 2021ರ ಅಧ್ಯಯನಕ್ಕೆ ಸೋಂಕಿನ ಭಯವೇ ಮಸಾಲೆಗೆ ಕಾರಣವೆನ್ನಲು ಪುರಾವೆ ಸಿಗಲಿಲ್ಲ. ಒಗ್ಗರಣೆ ರುಚಿಗಾಗಿ ಹುಟ್ಟಿತೆಂದರೆ ಅದಕ್ಕೆ ಅವಮಾನವೇನಿಲ್ಲ. ಹಸಿಯದನ್ನು ಅಂದೇ ಉಣ್ಣು, ಇಡುವುದನ್ನು ಒಣಗಿಸು ಎಂಬ ನಡೆಯನ್ನು ಮರೆತು ಪರಿಮಳವನ್ನು ನಂಬಿ ಚಟ್ನಿಯನ್ನು ಮರುದಿನಕ್ಕೆ ಇಟ್ಟರೆ, ನಾವು ಪರಂಪರೆಯ ಹೆಸರಿನಲ್ಲಿ ಅದರ ತಿಳಿವನ್ನೇ ಕೈಬಿಟ್ಟಂತೆ.