ಮೆಣಸಿನಕಾಯಿ

ಮೆಣಸಿನಕಾಯಿ (ನಾಮಪದ): ಮೆಣಸಿನ + ಕಾಯಿ. ಮೆಣಸು ನಮ್ಮ ಮಲೆನಾಡಿನ ಬಳ್ಳಿಯದು. ಈ ಕಾಯಿ ಅಮೆರಿಕ ಖಂಡದ್ದು, 16ನೇ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಬಂದದ್ದು. ಖಾರದ ನೆಂಟಸ್ತಿಕೆಯಿಂದ ಹಳೆಯ ಹೆಸರೇ ಅಂಟಿತು. ಇಟಲಿಯಲ್ಲೂ ಹಾಗೇ: ಕಾಳುಮೆಣಸು ‘ಪೆಪೆ’, ಮೆಣಸಿನಕಾಯಿ ‘ಪೆಪೆರೊಂಚೀನೊ’. ಖಾರದ ಸೀಗಡಿ ಪಾಸ್ತಾಕ್ಕೆ ಆಲಿವ್ ಎಣ್ಣೆಯಲ್ಲಿ ಬೆಳ್ಳುಳ್ಳಿಯ ಜೊತೆ ಬಾಡಿಸುವುದು ಇದನ್ನೇ. ಬೆಳ್ಳುಳ್ಳಿ ಕೆಂಪಗಾಗುವ ಮೊದಲೇ ಟೊಮೆಟೊ ಬೀಳಬೇಕು, ಸೀಗಡಿ ಕೊನೆಗೆ. ದಾವಣಗೆರೆ ಸೀಮೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಅಡುಗೆಮನೆಯಲ್ಲಾದರೆ ಬ್ಯಾಡಗಿ ಮೆಣಸಿನಕಾಯಿ ಸಾಕು: ಬಣ್ಣ ಹೆಚ್ಚು, ಖಾರ ಹದ.

ಬಳಕೆ: ಕರಾವಳಿಯಲ್ಲಿ ಬರೀ ‘ಮೆಣಸು’ ಎಂದರೆ ಮೆಣಸಿನಕಾಯಿ, ಕಾಳುಮೆಣಸು ‘ಒಳ್ಳೆಮೆಣಸು’. ದಾವಣಗೆರೆ ಸೀಮೆಯಲ್ಲಿ ಬಜ್ಜಿಯಾಗಿ ಮಂಡಕ್ಕಿಯ ಜೊತೆ ಬಂದರೆ ‘ಮಿರ್ಚಿ’. ಅದರ ಮೂಲ ಸಂಸ್ಕೃತದ ‘ಮರೀಚ’, ಅಂದರೆ ಮತ್ತೆ ಕಾಳುಮೆಣಸೇ!