ದುರ್ದೃಷ್ಟ ವ್ಯವಹಾರವೂ ದಂಡಪರಿಮಾಣವೂ

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಮತ್ತು ಎಡತೊರೆಯನ್ನೊಳಗೊಂಡ ಕೃಷ್ಣರಾಜನಗರ ತಾಲ್ಲೂಕುಗಳಲ್ಲಿ ಬಲಾತ್ಕಾರದ ಅಪರಾಧಕ್ಕೆ ಸೆಷನ್ಸ್ ನ್ಯಾಯಾಲಯವು ವಿಧಿಸಿದ ದಂಡದ ಪುನರ್ವಿಮರ್ಶೆಯು ಬೆಂಗಳೂರಿನ ಹೈಕೋರ್ಟಿಗೆ ಸೇರಿದುದು. ಈ ಮೇಲ್ಮನವಿಯ ಮಾರ್ಗವು ನಿನ್ನೆಮೊನ್ನೆಯದಲ್ಲ. ಕಮಿಷನರುಗಳ ಆಳಿಕೆಯಲ್ಲಿ 1834ರಲ್ಲಿ ಹುಜೂರ್ ಅದಾಲತ್ತೂ, 1856ರಲ್ಲಿ ಜುಡಿಷಿಯಲ್ ಕಮಿಷನರ ಹುದ್ದೆಯೂ, ರಾಜ್ಯವು ಒಡೆಯರಿಗೆ ಮರಳಿದ ಮೇಲೆ 1884ರಲ್ಲಿ ಚೀಫ್ ಕೋರ್ಟೂ ಏರ್ಪಟ್ಟುವು. 1930ರಲ್ಲಿ ಇದಕ್ಕೆ ಹೈಕೋರ್ಟೆಂಬ ಹೆಸರಾಯಿತು.

ತಪ್ಪಾಗಿ ನಿರ್ಣಯಿಸಲ್ಪಟ್ಟ ವ್ಯವಹಾರವನ್ನು ಸ್ಮೃತಿಕಾರರು ‘ದುರ್ದೃಷ್ಟ’ವೆಂದು ಕರೆದರು. ಅದನ್ನು ಅರಸನು ಮರಳಿ ನೋಡಿ, ತಪ್ಪಿದ ಸಭ್ಯರನ್ನೂ ದಂಡಿಸಬೇಕೆಂದು ಯಾಜ್ಞವಲ್ಕ್ಯನ ಮತ. ಅಪರಾಧ, ದೇಶ, ಕಾಲ, ಬಲ, ವಯಸ್ಸು, ಕರ್ಮ, ವಿತ್ತಗಳನ್ನರಿತು ದಂಡ ವಿಧಿಸತಕ್ಕದ್ದೆಂದೂ ಆತನೇ ಹೇಳಿರುವನು. ಆದರೆ ಸ್ತ್ರೀಸಂಗ್ರಹಣಪ್ರಕರಣದಲ್ಲಿ ಸಜಾತಿಯಾದರೆ ಉತ್ತಮದಂಡ, ಅನುಲೋಮವಾದರೆ ಮಧ್ಯಮ, ಪ್ರತಿಲೋಮವಾದರೆ ವಧೆಯೆಂದು ವರ್ಣವೇ ಅಳತೆಗೋಲಾಯಿತು. ಕಲ್ಯಾಣದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ರಚಿಸಿದುದು ಈ ಸ್ಮೃತಿಗೇ.

1860ರ ದಂಡಸಂಹಿತೆಯು ವರ್ಣದ ಅಳತೆಯನ್ನು ತೊಡೆದುಹಾಕಿತು. ಆದರೆ ಶಿಕ್ಷೆಗೆ ಮೇಲಿನ ಮಿತಿಯನ್ನಲ್ಲದೆ ಕೆಳಗಿನ ಮಿತಿಯನ್ನು ಗೊತ್ತುಮಾಡಲಿಲ್ಲ. 1983ರ ತಿದ್ದುಪಡಿಯಿಂದ ಕನಿಷ್ಠ 7 ವರ್ಷವೂ, ಹನ್ನೆರಡು ತುಂಬದ ಬಾಲಿಕೆಯ ವಿಷಯದಲ್ಲಿ ಕನಿಷ್ಠ 10 ವರ್ಷವೂ ವಿಹಿತವಾದುವು. ‘ಸಾಕಷ್ಟು ಮತ್ತು ವಿಶೇಷ ಕಾರಣ’ಗಳಿದ್ದಲ್ಲಿ ಅದಕ್ಕೂ ಇಳಿಸಲು ಅವಕಾಶವುಳಿಯಿತು. ಏಳೆಂಟು ವರ್ಷದ ಬಾಲಿಕೆಯ ಮೇಲೆ ನಡೆದ ಬಲಾತ್ಕಾರದ ಪ್ರಕರಣವೊಂದರಲ್ಲಿ ಅಪರಾಧಿಯು ಅನಕ್ಷರಸ್ಥ, ದುರ್ಬಲವರ್ಗದವ, ಕುಡುಕ, ಕುಟುಂಬಪೋಷಕನೆಂಬ ಕಾರಣಗಳಿಂದ ಕರ್ಣಾಟಕದ ಹೈಕೋರ್ಟು 10 ವರ್ಷವನ್ನು 4ಕ್ಕೆ ಇಳಿಸಿತು. ಸರ್ಕಾರದ ಮೇಲ್ಮನವಿಯ ಮೇರೆಗೆ ಸುಪ್ರೀಂ ಕೋರ್ಟು 2000ದಲ್ಲಿ ಹತ್ತನ್ನೇ ಪುನಃ ಸ್ಥಾಪಿಸಿ, ಜಾತಿ, ಮತ, ಆರ್ಥಿಕಸ್ಥಿತಿಗಳು, ಅಪರಾಧಿಯವಾಗಲಿ ಪೀಡಿತೆಯವಾಗಲಿ, ದಂಡನಿರ್ಣಯಕ್ಕೆ ಅಪ್ರಸ್ತುತವೆಂದಿತು. ಸ್ಮೃತಿಯ ವರ್ಣಮಾನಕ್ಕೆ ಇದೇ ಸರಿಯಾದ ಪ್ರತ್ಯುತ್ತರ: ಕೆಳಗಿನವನಿಗೆ ಹೆಚ್ಚು ದಂಡವೆಂಬುದು ಹೇಗೆ ಅನ್ಯಾಯವೋ, ಬಡವನೆಂಬ ನೆಪದಿಂದ ಬಾಲಿಕೆಯ ನೋವನ್ನು ಕಡಮೆಯಾಗಿ ಎಣಿಸುವುದೂ ಹಾಗೆಯೇ ಅನ್ಯಾಯ. ಆ ಬಾಲಿಕೆಯೂ ಬಡವಳಾಗಿರಬಹುದಷ್ಟೆ! 2013ರಲ್ಲಿ ಆ ‘ವಿಶೇಷ ಕಾರಣ’ದ ಬಾಗಿಲೇ ಮುಚ್ಚಿತು, 2018ರಲ್ಲಿ ಸಾಮಾನ್ಯ ಕನಿಷ್ಠ ಶಿಕ್ಷೆಯು 10 ವರ್ಷಕ್ಕೇರಿತು.

ಆದರೂ ಒಂದು ನ್ಯೂನತೆ ಉಳಿದಿದೆ. ಶಿಕ್ಷಿತನು ತಾನೇ ಮೇಲ್ಮನವಿ ಹೂಡಿದರೆ ಆ ಮನವಿಯಲ್ಲಿ ದಂಡವನ್ನು ಹೆಚ್ಚಿಸುವಂತಿಲ್ಲ. ದಂಡ ಸಾಲದೆಂದು ಮೇಲ್ಮನವಿ ಸಲ್ಲಿಸುವ ಹಕ್ಕನ್ನು 1973ರ ಸಂಹಿತೆಯು ಸರ್ಕಾರಕ್ಕೆ ಕೊಟ್ಟಿತು. 2009ರಿಂದ ಪೀಡಿತರಿಗೆ ಮೇಲ್ಮನವಿಯ ಹಕ್ಕು ದೊರೆತರೂ, ಅದು ಬಿಡುಗಡೆ, ಕಿರಿಯ ಅಪರಾಧದ ನಿರ್ಣಯ, ಪರಿಹಾರದ ಕೊರತೆಗಳಿಗೆ ಮಾತ್ರ. ದಂಡದ ಅಲ್ಪತೆಗೆ ಅನ್ವಯಿಸುವುದಿಲ್ಲವೆಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿತು. 2024ರ ಜುಲೈ 1ರಂದು ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯೂ ಈ ಏರ್ಪಾಡನ್ನೇ ಅನುಸರಿಸಿದೆ.

ಆದುದರಿಂದ ಕೋಟೆಯ ಕಾಡಂಚಿನ ಹಾಡಿಯ ಹೆಣ್ಣುಮಗಳಿಗೆ ದಂಡವು ಅಲ್ಪವೆಂದು ತೋರಿದರೆ, ಸರ್ಕಾರವು ಮೇಲ್ಮನವಿ ಸಲ್ಲಿಸಬೇಕು, ಇಲ್ಲವೆ ಹೈಕೋರ್ಟೇ ವಿಷಯವನ್ನು ಕೈಗೆತ್ತಿಕೊಳ್ಳಬೇಕು. ದುರ್ದೃಷ್ಟವನ್ನು ಮರಳಿ ನೋಡುವ ಹೊಣೆಯನ್ನು ಸ್ಮೃತಿಯು ಅರಸನ ಮೇಲಿರಿಸಿತ್ತು. ಆ ಹೊಣೆಯು ಇಂದು ಸರ್ಕಾರದ ಪಾಲಿಗೆ ಬಂದಿದೆ.