ಮೋಟರ್ ಚಾಲೂ ಮಾಡುವ ಮಿಸ್ಡ್ ಕಾಲ್

ಘಟಪ್ರಭಾ ನದಿ 52 ಮೀಟರ್ ಕೆಳಕ್ಕೆ ಧುಮುಕುವ ಗೋಕಾಕ ಜಲಪಾತದಲ್ಲಿ 1887ರಷ್ಟು ಹಿಂದೆಯೇ ವಿದ್ಯುತ್ ತಯಾರಾಯಿತೆಂದು ಈ ಭಾಗದವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಆದರೆ ಮಮದಾಪುರದಂಥ ಊರುಗಳ ಕಬ್ಬಿನ ಹೊಲಕ್ಕೆ ತ್ರೀ ಫೇಸ್ ಕರೆಂಟ್ ಬರುವುದು ಹಲವು ಸಲ ನಡುರಾತ್ರಿ. ಹಾವು ಚೇಳುಗಳ ಭಯದಲ್ಲೇ ಬ್ಯಾಟರಿ ಹಿಡಿದು ಸ್ಟಾರ್ಟರ್ ಪೆಟ್ಟಿಗೆಯತ್ತ ನಡೆಯಬೇಕು.

ಈ ನಡಿಗೆಯನ್ನು ತಪ್ಪಿಸಲು ಹೊರಟವರಲ್ಲಿ ಪುಣೆಯ ಸಂತೋಷ್ ಓಸ್ತವಾಲ್ ಒಬ್ಬರು. ಮೊಬೈಲ್‌ನಿಂದಲೇ ಪಂಪ್‌ಸೆಟ್ ನಡೆಸುವ ಅವರ ‘ನ್ಯಾನೋ ಗಣೇಶ್’ 2009ರಲ್ಲಿ ನೋಕಿಯಾ ಸ್ಪರ್ಧೆಯ ಬಹುಮಾನ ಪಡೆಯಿತು. ಇಂಥ ಸಾಧನಗಳ ಒಳಗುಟ್ಟು ಸರಳ: ಒಂದು ಸಿಮ್, ಒಂದು ರಿಲೇ. ಕರೆ ಬಂದರೆ ರಿಲೇ ಸ್ಟಾರ್ಟರ್‌ನ ಗುಂಡಿ ಒತ್ತಿದಂತೆ ಕೆಲಸ ಮಾಡುತ್ತದೆ. ಕರೆ ಎತ್ತುವವರಿಲ್ಲ, ಹಾಗಾಗಿ ಖರ್ಚೂ ಇಲ್ಲ!

ಮುಂದೆ ಸ್ವತಃ ಜೋಡಿಸುವವರ ಕಾಲ ಬಂತು. 2005ರಲ್ಲಿ ಇಟಲಿಯಲ್ಲಿ ಆರ್ಡುಯಿನೋ ಎಂಬ ಸರಳ ಎಲೆಕ್ಟ್ರಾನಿಕ್ ಬೋರ್ಡ್ ಹುಟ್ಟಿತ್ತು. 2014ರಲ್ಲಿ ಶಾಂಘೈನ ಎಸ್ಪ್ರೆಸಿಫ್ ಕಂಪನಿಯ ಅಗ್ಗದ ಇಎಸ್‌ಪಿ8266 ಚಿಪ್ ವೈಫೈಯನ್ನು ವಿದ್ಯಾರ್ಥಿಗಳ ಕೈಗೂ ತಂದಿತು. ಮನೆಯ ದೀಪ, ಫ್ಯಾನಿಗೆ ಅದು ಸಾಕು. ದೂರದ ಹೊಲಕ್ಕೆ ವೈಫೈ ಎಲ್ಲಿಂದ ಬರಬೇಕು? ಅಲ್ಲಿಗೆ ಸಿಮ್ ಇಲ್ಲವೇ 865–867 ಮೆಗಾಹರ್ಟ್ಸ್‌ನ ಲೋರಾ ಎಂಬ ದೂರ ತಲುಪುವ ರೇಡಿಯೊ ಸರಿ. ಭಾರತದಲ್ಲಿ ಆ ತರಂಗಾಂತರಕ್ಕೆ ಪರವಾನಗಿ ಬೇಕಿಲ್ಲ. ವಿದೇಶದ 915 ಮೆಗಾಹರ್ಟ್ಸ್ ಕಿಟ್ ತರಿಸಿದರೆ ಆ ಸವಲತ್ತಿಲ್ಲ.

ಸಿಮ್‌ನಲ್ಲೂ ಪೇಚಿದೆ. 2016ರಲ್ಲಿ ಬಂದ ಜಿಯೋಗೆ 2ಜಿ ಜಾಲವೇ ಇಲ್ಲ. ಹಳೆಯ 2ಜಿ ಕಿಟ್‌ಗೆ ಅದರ ಸಿಮ್ ಹಾಕಿದರೆ ಮೋಟರ್ ಮಿಸುಕುವುದಿಲ್ಲ.